ಯಾವ ಕಾಗದದಲ್ಲಿ ಯಾವ ಇ.ಸಿ.?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹಲವು ‘ಇ.ಸಿ.’ ಎಂಬ ಎರಡೇ ಅಕ್ಷರಗಳನ್ನು ಕುರಿತವು. ಬರೆದವರ ಊರು ಬೇರೆ, ಕಸುಬು ಬೇರೆ, ಅವರ ಕೈಯಲ್ಲಿರುವ ಕಾಗದವೂ ಬೇರೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ನಮಗೆ ಎಡದಂಡೆ ಕಾಲುವೆಯ ಕೆಳಗೆ ನಾಲ್ಕು ಎಕರೆ ಗದ್ದೆಯಿದೆ. ಸಾಲ ಕೇಳಲು ಹೋದರೆ ಬ್ಯಾಂಕಿನವರು ‘ಇ.ಸಿ. ತನ್ನಿ’ ಎಂದರು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಇ.ಸಿ. 1.8’ ಎಂದು ಬಂದಿದೆ. ಗೊಬ್ಬರದ ಅಂಗಡಿಯಲ್ಲಿ ಕೊಟ್ಟ ಎಣ್ಣೆ ಬಾಟಲಿಯ ಮೇಲೆ ‘25 ಇ.ಸಿ.’ ಎಂದು ಬರೆದಿದೆ. ಮಗಳಿಗೆ ಸಿ.ಇ.ಟಿ.ಯಲ್ಲಿ ಸಿಕ್ಕಿದ್ದೂ ‘ಇ.ಸಿ.’ ಸೀಟು. 25 ಇ.ಸಿ. ಇರುವ ಎಣ್ಣೆಯನ್ನು ಹೊಡೆದರೆ ಮಣ್ಣಿನ ಇ.ಸಿ. ಏರಿ ಭೂಮಿ ಸವಳಾಗುತ್ತದೆ ಎಂದು ನಮ್ಮ ಓಣಿಯಲ್ಲಿ ಮಾತು ಹುಟ್ಟಿದೆ. ಇದು ನಿಜವೇ?
— ರೈತರೊಬ್ಬರು, ಸಿಂಧನೂರು ತಾಲ್ಲೂಕು

ಉತ್ತರ: ನಿಜವಲ್ಲ. ತಮ್ಮ ಮನೆಗೆ ಬಂದಿರುವ ನಾಲ್ಕು ಇ.ಸಿ.ಗಳೂ ನಾಲ್ಕು ಬೇರೆ ಬೇರೆ ಮಾತುಗಳ ಮೊದಲಕ್ಷರಗಳು. ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತಿಕೆಯಿಲ್ಲ. ಬ್ಯಾಂಕಿನವರು ಕೇಳಿದ್ದು ‘ಎನ್‌ಕಂಬ್ರೆನ್ಸ್ ಸರ್ಟಿಫಿಕೇಟ್’, ಅಂದರೆ ಜಮೀನಿನ ಋಣಭಾರ ಪ್ರಮಾಣಪತ್ರ. ಮಣ್ಣಿನ ಚೀಟಿಯಲ್ಲಿರುವುದು ‘ಎಲೆಕ್ಟ್ರಿಕಲ್ ಕಂಡಕ್ಟಿವಿಟಿ’, ಅಂದರೆ ವಿದ್ಯುತ್ ವಾಹಕತೆ. ಬಾಟಲಿಯ ಮೇಲಿರುವುದು ‘ಎಮಲ್ಸಿಫೈಯಬಲ್ ಕಾನ್ಸಂಟ್ರೇಟ್’, ಅಂದರೆ ನೀರಿಗೆ ಬೆರೆಸಿದಾಗ ಹಾಲಿನಂತೆ ಹರಡಿಕೊಳ್ಳುವ ಗಟ್ಟಿ ಎಣ್ಣೆ ದ್ರಾವಣ. ಮಗಳಿಗೆ ಸಿಕ್ಕಿದ್ದು ‘ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್’ ಎಂಬ ಇಂಜಿನಿಯರಿಂಗ್ ಶಾಖೆ. ಆ ಮಗುವಿಗೆ ನಮ್ಮ ಶುಭಾಶಯಗಳನ್ನು ತಿಳಿಸಿ.

ಇಂಥ ಗೊಂದಲ ಹುಟ್ಟುವುದರಲ್ಲಿ ತಮ್ಮ ತಪ್ಪೇನೂ ಇಲ್ಲ. ಇಂಗ್ಲಿಷಿನ 26 ಅಕ್ಷರಗಳಲ್ಲಿ ಎರಡೆರಡನ್ನು ಜೋಡಿಸಿದರೆ ಒಟ್ಟು ಆಗುವುದು 676 ಜೋಡಿಗಳು ಮಾತ್ರ. ಕಂದಾಯ, ಕೃಷಿ, ವೈದ್ಯಕೀಯ, ಶಿಕ್ಷಣ, ವಿಜ್ಞಾನ ಎಂದು ನೂರಾರು ಕ್ಷೇತ್ರದವರು ಸಾವಿರಾರು ಹೆಸರುಗಳನ್ನು ಈ 676 ಗೂಡುಗಳಲ್ಲೇ ತುಂಬಬೇಕಾಗಿರುವುದರಿಂದ, ಒಂದೊಂದು ಗೂಡಿನಲ್ಲಿ ಹತ್ತಾರು ಹಕ್ಕಿಗಳು ಸೇರಿಕೊಳ್ಳುವುದು ಅನಿವಾರ್ಯ. ಪ್ರತಿಯೊಂದು ಕ್ಷೇತ್ರದವರಿಗೂ ತಮ್ಮ ಇ.ಸಿ. ಮಾತ್ರ ಕಾಣುತ್ತದೆ, ಉಪನೋಂದಣಾಧಿಕಾರಿ ಕಚೇರಿಯ ಗುಮಾಸ್ತರಿಗೆ ಮಣ್ಣಿನ ಇ.ಸಿ. ಗೊತ್ತಿರಬೇಕಾಗಿಲ್ಲ, ಪ್ರಯೋಗಾಲಯದವರಿಗೆ ಋಣಭಾರದ ಇ.ಸಿ. ಬೇಕಾಗಿಲ್ಲ. ಎಲ್ಲ ಇ.ಸಿ.ಗಳೂ ಬಂದು ಒಟ್ಟಾಗುವುದು ತಮ್ಮಂಥ ರೈತರ ಮನೆಯ ಕಪಾಟಿನಲ್ಲಿ. ಅದಕ್ಕಾಗಿಯೇ ತಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕೆನಿಸಿದೆ.

ಮೊದಲು ಮಣ್ಣಿನದನ್ನು ನೋಡೋಣ, ಏಕೆಂದರೆ ತಮ್ಮ ಗದ್ದೆಯ ಮಟ್ಟಿಗೆ ತುರ್ತಿನದು ಅದೇ. ಪ್ರಯೋಗಾಲಯದಲ್ಲಿ ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಗಾಜಿನ ಲೋಟದಲ್ಲಿ ತೂಕಮಾಡಿ ಹಾಕಿ, ಅದರ ಎರಡೂವರೆ ಪಟ್ಟು ಶುದ್ಧ ನೀರನ್ನು ಬೆರೆಸಿ ಕಲಕಿ, ಮಣ್ಣು ತಳಕ್ಕಿಳಿದ ಮೇಲೆ ತಿಳಿಯಾದ ನೀರಿನಲ್ಲಿ ಒಂದು ಕಡ್ಡಿಯಂಥ ಸಾಧನವನ್ನು ಅದ್ದುತ್ತಾರೆ. ಆ ಕಡ್ಡಿಯಲ್ಲಿರುವ ಎರಡು ಲೋಹದ ತುದಿಗಳ ನಡುವೆ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದೇ ಇ.ಸಿ. ಶುದ್ಧ ನೀರಿನಲ್ಲಿ ವಿದ್ಯುತ್ತು ಹೆಚ್ಚುಕಡಿಮೆ ಹರಿಯುವುದೇ ಇಲ್ಲ. ನೀರಿನಲ್ಲಿ ಉಪ್ಪು ಕರಗಿದಷ್ಟೂ ಹರಿವು ಹೆಚ್ಚುತ್ತದೆ. ಆದ್ದರಿಂದ ಇ.ಸಿ. ಎಂದರೆ ಮಣ್ಣಿನಲ್ಲಿ ಕರಗುವ ಉಪ್ಪು ಎಷ್ಟಿದೆ ಎಂಬುದರ ಗುರುತು. ಇದನ್ನು ಅಳೆಯುವ ಮಾನ ‘ಡೆಸಿಸೀಮನ್ಸ್ ಪ್ರತಿ ಮೀಟರಿಗೆ’. ಹಳೆಯ ವರದಿಗಳಲ್ಲಿ ‘ಮಿಲಿಮ್ಹೋ ಪ್ರತಿ ಸೆಂಟಿಮೀಟರಿಗೆ’ ಎಂದಿದ್ದರೂ ಅಂಕಿ ಅದೇ. ವಿದ್ಯುತ್ತಿನ ತಡೆಯನ್ನು ಅಳೆಯುವ ‘ಓಮ್’ ಎಂಬ ಮಾನದ ಇಂಗ್ಲಿಷ್ ಕಾಗುಣಿತವನ್ನು ಹಿಂದುಮುಂದಾಗಿ ಓದಿ, ತಡೆಯ ತಿರುವುಮುರುವಾದ ವಾಹಕತೆಗೆ ‘ಮ್ಹೋ’ ಎಂದು ಹಿಂದಿನವರು ಹೆಸರಿಟ್ಟಿದ್ದರು.

ಮಣ್ಣು ಒಂದಕ್ಕೆ ನೀರು ಎರಡೂವರೆ ಪಟ್ಟು ಬೆರೆಸಿ ಅಳೆದಾಗ ಒಂದಕ್ಕಿಂತ ಕಡಿಮೆ ಬಂದರೆ ಉಪ್ಪಿನ ಚಿಂತೆಯಿಲ್ಲ. ಒಂದರಿಂದ ಎರಡರ ನಡುವೆ ಬಂದರೆ ಮೊಳಕೆಗೆ ತೊಂದರೆ ಕಾಣಿಸಿಕೊಳ್ಳುತ್ತದೆ. ತಮ್ಮ 1.8 ಈ ಅಂಚಿನಲ್ಲಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಪುಸ್ತಕಗಳಲ್ಲಿ ‘ಇ.ಸಿ. 4 ದಾಟಿದರೆ ಸವಳು ಮಣ್ಣು’ ಎಂದು ಓದಿ, ನಮ್ಮದು 1.8 ತಾನೆ ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಆ 4 ಎಂಬುದು, ಮಣ್ಣಿಗೆ ಅದು ಕುಡಿಯುವಷ್ಟೇ ನೀರು ಹಾಕಿ ಕೆಸರಿನಂತೆ ಕಲಸಿ, ಅದರಿಂದ ಹಿಂಡಿ ತೆಗೆದ ರಸದ ಅಳತೆ. ನೀರು ಕಡಿಮೆಯಾದಷ್ಟೂ ಉಪ್ಪು ದಟ್ಟವಾಗಿರುವುದರಿಂದ, ಅದೇ ಮಣ್ಣಿನ ರಸದ ಇ.ಸಿ. ತಮ್ಮ ಚೀಟಿಯಲ್ಲಿರುವ ಅಂಕಿಗಿಂತ ಮಣ್ಣಿನ ಬಗೆಗೆ ತಕ್ಕಂತೆ ಎರಡು ಮೂರು ಪಟ್ಟು ಹೆಚ್ಚಿರಬಹುದು. ಹೀಗೆ ಇ.ಸಿ. ಎಂದರೆ ವಿದ್ಯುತ್ ವಾಹಕತೆ ಎಂದು ತಿಳಿದ ಮೇಲೂ, ಅದು ಯಾವ ವಿಧಾನದಲ್ಲಿ ಅಳೆದ ಇ.ಸಿ. ಎಂಬುದನ್ನು ಕೇಳಲೇಬೇಕು. ಪ್ರಯೋಗಾಲಯದವರನ್ನು ಈ ಒಂದು ಮಾತು ಕೇಳಲು ಸಂಕೋಚಪಡಬೇಡಿ.

ಬೆಳೆಗಳು ಉಪ್ಪನ್ನು ತಡೆಯುವ ಶಕ್ತಿಯೂ ಒಂದೇ ಸಮನಾಗಿಲ್ಲ. ಹಿಂಡಿ ತೆಗೆದ ರಸದ ಲೆಕ್ಕದಲ್ಲಿ ಹುರುಳಿಕಾಯಿ 1ಕ್ಕೇ ಸೊರಗಲು ತೊಡಗಿದರೆ, ಈರುಳ್ಳಿ 1.2ಕ್ಕೆ, ಮೆಕ್ಕೆಜೋಳ ಮತ್ತು ಕಬ್ಬು 1.7ಕ್ಕೆ, ಭತ್ತ 3ಕ್ಕೆ ಇಳುವರಿ ಕಳೆದುಕೊಳ್ಳಲು ಆರಂಭಿಸುತ್ತವೆ. ಹತ್ತಿ ಮಾತ್ರ 7.7ರವರೆಗೆ ತಾಳಿಕೊಳ್ಳುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ತಗ್ಗು ಭೂಮಿಗಳಲ್ಲಿ ವರ್ಷಗಟ್ಟಲೆ ಭತ್ತಕ್ಕೆ ನೀರು ನಿಲ್ಲಿಸಿ, ಬಸಿದುಹೋಗಲು ದಾರಿಯಿಲ್ಲದೆ ಅಂತರ್ಜಲ ಮೇಲೆದ್ದು, ಅದರೊಂದಿಗೆ ಉಪ್ಪೂ ಮೇಲೆ ಬಂದು, ಬೇಸಿಗೆಯಲ್ಲಿ ಬದುವಿನ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪೊರೆ ಕಟ್ಟುವುದನ್ನು ತಾವು ಕಂಡೇ ಇರುತ್ತೀರಿ. ಸವಳಿಗೆ ಕಾರಣ ಈ ನೀರು, ಬಾಟಲಿಯ ಎಣ್ಣೆಯಲ್ಲ. ಚೀಟಿಯಲ್ಲಿ ಇ.ಸಿ.ಯ ಪಕ್ಕದಲ್ಲೇ ‘ಪಿ.ಎಚ್.’ ಅಂದರೆ ಹುಳಿ-ಕ್ಷಾರದ ಅಳತೆಯಾದ ರಸಸಾರ ಇರುತ್ತದೆ. ಎರಡನ್ನೂ ಜೊತೆಯಲ್ಲಿ ಓದಬೇಕು. ಇ.ಸಿ. ಮಾತ್ರ ಏರಿದ್ದು ರಸಸಾರ 8.5ರ ಒಳಗಿದ್ದರೆ ಅದಕ್ಕೆ ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆದು ಹೊರಹಾಕುವುದೇ ಮದ್ದು. ರಸಸಾರವೂ 8.5 ದಾಟಿದ್ದರೆ ಆಗ ಕ್ಷಾರ ಮಣ್ಣನ್ನು ಸರಿಪಡಿಸುವ ಖನಿಜವಾದ ಜಿಪ್ಸಂ ಮಾತು ಬರುತ್ತದೆ. ಇ.ಸಿ. ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಜಿಪ್ಸಂ ಚೆಲ್ಲಿದರೆ ಹಣ ದಂಡ. ಗಂಗಾವತಿಯಲ್ಲಿ ಈ ಸವಳು-ಜವಳು ಭೂಮಿಯ ಬಗ್ಗೆಯೇ ಕೆಲಸ ಮಾಡುತ್ತಿರುವ ಕೃಷಿ ಸಂಶೋಧನಾ ಕೇಂದ್ರವಿದೆ. ತಮ್ಮ ಚೀಟಿಯನ್ನು ಅಲ್ಲಿಗೆ ಒಯ್ದು ತೋರಿಸುವುದು ಒಳ್ಳೆಯದು.

ಇನ್ನು ಬಾಟಲಿಯ ವಿಚಾರ. ತಮ್ಮ ಕಡೆಯಲ್ಲಿ ಕೀಟನಾಶಕ ಸಿಂಪಡಿಸುವುದಕ್ಕೆ ‘ಎಣ್ಣೆ ಹೊಡೆಯುವುದು’ ಎನ್ನುತ್ತಾರಲ್ಲ, ಆ ಮಾತು ಇ.ಸಿ. ಎಂಬುದಕ್ಕೆ ಯಾವ ಪಾರಿಭಾಷಿಕ ಪದಕ್ಕಿಂತಲೂ ಚೆನ್ನಾಗಿ ಒಪ್ಪುತ್ತದೆ. ನೀರಿನಲ್ಲಿ ಕರಗದ ಕೀಟನಾಶಕವನ್ನು ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿ, ಎಣ್ಣೆಯೂ ನೀರೂ ಬೆರೆಯುವಂತೆ ಮಾಡುವ ಸಾಬೂನಿನಂಥ ವಸ್ತುವೊಂದನ್ನು ಅದಕ್ಕೆ ಸೇರಿಸಿರುತ್ತಾರೆ. ಒಂದು ಮಗ್ ನೀರಿಗೆ ಮುಚ್ಚಳದಷ್ಟು ಹಾಕಿದರೆ ಹೊಗೆ ಹಬ್ಬಿದಂತೆ ಹರಡಿಕೊಂಡು ಇಡೀ ನೀರು ಹಾಲಿನಂತೆ ಬೆಳ್ಳಗಾಗುವುದು ಇದರಿಂದಲೇ. ‘ಕ್ವಿನಾಲ್‌ಫಾಸ್ 25 ಇ.ಸಿ.’ ಎಂದರೆ ಆ ದ್ರಾವಣದ ನೂರು ಭಾಗದಲ್ಲಿ 25 ಭಾಗ ಮೂಲ ವಿಷ ಎಂದರ್ಥ. ಅಕ್ಷರಗಳು ಬದಲಾದರೆ ಸ್ವರೂಪ ಬದಲಾಗುತ್ತದೆ: ‘ಡಬ್ಲ್ಯು.ಪಿ.’ ಎಂದರೆ ನೀರಿನಲ್ಲಿ ನೆನೆಯುವ ಪುಡಿ, ‘ಎಸ್.ಎಲ್.’ ಎಂದರೆ ನೀರಿನಲ್ಲಿ ಪೂರ್ತಿ ಕರಗುವ ದ್ರವ, ‘ಎಸ್.ಸಿ.’ ಎಂದರೆ ನುಣ್ಣಗೆ ಅರೆದ ಪುಡಿ ನೀರಿನಲ್ಲಿ ತೇಲುವಂತೆ ಮಾಡಿದ ಗಟ್ಟಿ ದ್ರವ. ಹೆಕ್ಸಕೊನಜೋಲ್ ಎಂಬ ಶಿಲೀಂಧ್ರನಾಶಕ 5 ಇ.ಸಿ. ರೂಪದಲ್ಲೂ 5 ಎಸ್.ಸಿ. ರೂಪದಲ್ಲೂ ಸಿಗುತ್ತದೆ, ಹೆಸರೂ ಅಂಕಿಯೂ ಒಂದೇ ಆದರೂ ಇ.ಸಿ.ಯಲ್ಲಿ ಎಣ್ಣೆಯ ದ್ರಾವಕವಿದೆ, ಎಸ್.ಸಿ.ಯಲ್ಲಿ ಇಲ್ಲ. ಎಣ್ಣೆಯ ದ್ರಾವಕ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ, ಚರ್ಮದ ಮೂಲಕ ವಿಷವನ್ನು ಬೇಗ ಒಳಗಿಳಿಸುತ್ತದೆ. ಎರಡು ಮೂರು ಬಗೆಯ ಔಷಧಗಳನ್ನು ಒಂದೇ ಡ್ರಮ್ಮಿನಲ್ಲಿ ಬೆರೆಸಬಹುದೆಂದು ಲೇಬಲ್ಲು ಹೇಳಿದ್ದಾಗಲೂ ಪುಡಿಯನ್ನು ಮೊದಲು ಕರಗಿಸಿ, ಇ.ಸಿ.ಯನ್ನು ಆಮೇಲೆ ಹಾಕುವುದು ವಾಡಿಕೆ. ಮೊದಲು ಎಣ್ಣೆ ಹಾಕಿದರೆ ಪುಡಿ ಅದಕ್ಕೆ ಅಂಟಿಕೊಂಡು ಗಂಟಾಗಿ ನಾಜಲ್ ಕಟ್ಟಿಕೊಳ್ಳುತ್ತದೆ.

ದೇವರು ದೊಡ್ಡವನು, ಯಾರ ಮನೆಯಲ್ಲೂ ಹಾಗಾಗದಿರಲಿ, ಆದರೂ ಒಂದು ಮಾತು ಹೇಳಲೇಬೇಕು. ಯಾರಾದರೂ ಅರಿಯದೆ ಇ.ಸಿ. ಎಣ್ಣೆಯನ್ನು ಕುಡಿದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ದ್ರಾವಕ ಶ್ವಾಸಕೋಶಕ್ಕಿಳಿದು ಇನ್ನಷ್ಟು ಅಪಾಯವಾಗುತ್ತದೆ. ಆ ಬಾಟಲಿಯ ಸಮೇತ ತಕ್ಷಣ ಆಸ್ಪತ್ರೆಗೆ ಓಡಬೇಕು, ಏಕೆಂದರೆ ವೈದ್ಯರಿಗೆ ವಿಷದ ಹೆಸರು ಎಷ್ಟು ಮುಖ್ಯವೋ ಅದರ ಪಕ್ಕದ ಆ ಎರಡಕ್ಷರವೂ ಅಷ್ಟೇ ಮುಖ್ಯ.

ಬ್ಯಾಂಕಿನವರು ಕೇಳಿದ ಇ.ಸಿ. ಸಿಗುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ. ಈಗ ‘ಕಾವೇರಿ’ ಜಾಲತಾಣದಲ್ಲಿ ಮನೆಯಿಂದಲೂ ಅರ್ಜಿ ಹಾಕಬಹುದು. 1908ರ ನೋಂದಣಿ ಕಾಯ್ದೆಯಂತೆ ಸ್ಥಿರಾಸ್ತಿಯ ಕ್ರಯ, ದಾನ, ವಿಭಾಗ, ಆಧಾರ (ಅಡಮಾನ) ಮುಂತಾದ ಪತ್ರಗಳು ಆ ಕಚೇರಿಯ ಪುಸ್ತಕದಲ್ಲಿ ದಾಖಲಾಗುತ್ತವೆ. ತಾವು ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂದು ಕೇಳಿದರೆ, ಆ ಅವಧಿಯಲ್ಲಿ ಆ ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ಹುಡುಕಿ ಬರೆದುಕೊಡುತ್ತಾರೆ. ವ್ಯವಹಾರವಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಹಲವರು ನಮೂನೆ 16 ಕೈಗೆ ಬಂದೊಡನೆ ಜಮೀನು ಚೊಕ್ಕವಾಗಿದೆ ಎಂದು ನಿಶ್ಚಿಂತರಾಗುತ್ತಾರೆ. ಅದು ಸರಿಯಲ್ಲ. ಕೇಳಿದ ಅವಧಿಯಲ್ಲಿ ನೋಂದಣಿ ಪುಸ್ತಕದಲ್ಲಿ ಏನೂ ಕಂಡುಬಂದಿಲ್ಲ ಎಂದಷ್ಟೇ ಆ ಕಾಗದ ಹೇಳುತ್ತದೆ. ಬಾಂಡ್ ಪೇಪರಿನ ಮೇಲೆ ಬರೆದು ನೋಂದಾಯಿಸದೆ ಇಟ್ಟುಕೊಂಡ ಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ, ಕೈಸಾಲ, ಮರಣಶಾಸನ ಇವಾವುವೂ ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಇ.ಸಿ.ಯ ಜೊತೆಗೆ ಪಹಣಿಯ 9ನೇ ಕಲಂನಲ್ಲಿ ಯಾರ ಹೆಸರಿದೆ, 11ನೇ ಕಲಂನಲ್ಲಿ ಯಾವ ಸಾಲ ನಮೂದಾಗಿದೆ ಎಂಬುದನ್ನೂ ನೋಡಿ. ಚಕ್ಕುಬಂದಿಯಲ್ಲಿ ಒಂದು ದಿಕ್ಕು ತಪ್ಪಾಗಿ ಬರೆದರೂ ಹುಡುಕಾಟ ಬೇರೆ ಜಮೀನಿನ ಮೇಲೆ ಹೋಗಬಹುದೆಂಬುದನ್ನು ಅರ್ಜಿ ಬರೆಯುವಾಗ ಮರೆಯಬೇಡಿ.

ಮಗಳ ಇ.ಸಿ. ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜಿಗೆ ಸೇರಿದ್ದರೆ ಅವಳ ನೋಂದಣಿ ಸಂಖ್ಯೆಯನ್ನು ನೋಡಿ: ಮೊದಲು ವಲಯದ ಅಂಕಿ, ಬಳಿಕ ಕಾಲೇಜಿನ ಎರಡಕ್ಷರ, ಸೇರಿದ ವರ್ಷದ ಎರಡಂಕಿ, ಆಮೇಲೆ ಇ.ಸಿ., ಕೊನೆಗೆ ಅವಳ ಕ್ರಮಸಂಖ್ಯೆ ಇರುತ್ತದೆ. ಒಂದು ವಿಷಯ ಮಾತ್ರ ಸಂತೋಷದ್ದು. ಮಣ್ಣಿನ ಇ.ಸಿ.ಯನ್ನು ಅಳೆಯುವ ಆ ಕಡ್ಡಿಯಂಥ ಉಪಕರಣವನ್ನು ರೂಪಿಸುವ ವಿದ್ಯೆಯನ್ನು ಕಲಿಸುವುದು ಅವಳ ಇ.ಸಿ. ಶಾಖೆಯೇ.

ಪ್ರಶ್ನೆ: ನಮ್ಮ ತಾಯಿಯವರಿಗೆ ವೈದ್ಯರು ಬರೆದುಕೊಟ್ಟ ಮಾತ್ರೆಯ ಹೆಸರಿನ ಮುಂದೆ ‘ಇ.ಸಿ.’ ಎಂದಿದೆ. ಅವರಿಗೆ ಮಾತ್ರೆ ನುಂಗಲು ಕಷ್ಟವಾಗುವುದರಿಂದ ಪುಡಿಮಾಡಿ ಜೇನುತುಪ್ಪದಲ್ಲಿ ಕೊಡುತ್ತಿದ್ದೇನೆ. ತೊಂದರೆಯಿದೆಯೇ?
— ಗೃಹಿಣಿ, ದಾವಣಗೆರೆ

ಉತ್ತರ: ದಯವಿಟ್ಟು ಪುಡಿಮಾಡಿ ಕೊಡುವುದನ್ನು ಇಂದೇ ನಿಲ್ಲಿಸಿ, ವೈದ್ಯರಿಗೆ ಕರೆಮಾಡಿ. ಇಲ್ಲಿ ಇ.ಸಿ. ಎಂದರೆ ‘ಎಂಟೆರಿಕ್ ಕೋಟೆಡ್’, ಅಂದರೆ ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗುವಂತೆ ಹೊದಿಕೆ ಕೊಟ್ಟ ಮಾತ್ರೆ. ಹೊಟ್ಟೆಯ ಆಮ್ಲದಲ್ಲಿ ಆ ಹೊದಿಕೆ ಗಟ್ಟಿಯಾಗಿಯೇ ಉಳಿಯುತ್ತದೆ. ಸಣ್ಣ ಕರುಳಿನಲ್ಲಿ ಆಮ್ಲ ಇಳಿದು ರಸಸಾರ ಸುಮಾರು 5.5 ದಾಟಿದ ಮೇಲೆ ಕರಗುತ್ತದೆ. ಆಸ್ಪಿರಿನ್‌ನಂಥ ಮಾತ್ರೆಗೆ ಈ ಹೊದಿಕೆಯನ್ನು ಕೊಡುವುದು ಅದು ಹೊಟ್ಟೆಯ ಒಳಪದರವನ್ನು ಸುಡಬಾರದೆಂದು. ಬೇರೆ ಕೆಲವಕ್ಕೆ ಹೊಟ್ಟೆಯ ಆಮ್ಲವೇ ಔಷಧವನ್ನು ಹಾಳುಮಾಡಬಾರದೆಂದು. ಕುಟ್ಟಿ ಪುಡಿಮಾಡಿದರೆ ಹೊದಿಕೆಯೂ ಹೋಯಿತು, ಅದನ್ನು ಕೊಟ್ಟ ಉದ್ದೇಶವೂ ಹೋಯಿತು. ಈಚೆಗೆ ಅದೇ ಅರ್ಥದಲ್ಲಿ ‘ಗ್ಯಾಸ್ಟ್ರೋ ರೆಸಿಸ್ಟೆಂಟ್’ ಎಂದೂ ಮಾತ್ರೆಯ ಹಾಳೆಯ ಮೇಲೆ ಮುದ್ರಿಸುತ್ತಾರೆ. ನುಂಗಲು ಕಷ್ಟವಿರುವವರಿಗೆ ಅದೇ ಔಷಧದ ಬೇರೆ ರೂಪವನ್ನೋ ಬೇರೆ ಔಷಧವನ್ನೋ ವೈದ್ಯರು ಸೂಚಿಸಬಲ್ಲರು.

ಪ್ರಶ್ನೆ: ನಮ್ಮೂರ ಗುಡ್ಡದಲ್ಲಿ ಕಲ್ಲು ಕ್ವಾರಿ ಆರಂಭವಾಗಿದೆ. ಕೇಳಿದರೆ ‘ಇ.ಸಿ. ಆಗಿದೆ’ ಎನ್ನುತ್ತಾರೆ. ಊರಿನವರು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಇ.ಸಿ. ತೆಗೆಸಿ ನೋಡಿದರೆ ಅದರಲ್ಲಿ ಕ್ವಾರಿಯ ವಿಷಯವೇ ಇಲ್ಲ. ಹಾಗಾದರೆ ಅವರು ಸುಳ್ಳು ಹೇಳುತ್ತಿದ್ದಾರೆಯೇ?
— ಓದುಗರೊಬ್ಬರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ತಾವು ತೆಗೆಸಿದ್ದು ಜಮೀನಿನ ಋಣಭಾರ ಪತ್ರ, ಅವರು ಹೇಳುತ್ತಿರುವುದು ‘ಎನ್ವಿರಾನ್ಮೆಂಟಲ್ ಕ್ಲಿಯರೆನ್ಸ್’, ಅಂದರೆ ಪರಿಸರ ಅನುಮತಿ. ಆದ್ದರಿಂದ ತಾವು ತಂದ ಕಾಗದದಿಂದ ಅವರ ಮಾತು ಸುಳ್ಳೆಂದೂ ಆಗುವುದಿಲ್ಲ, ನಿಜವೆಂದೂ ಆಗುವುದಿಲ್ಲ. ಪರಿಸರ ಅನುಮತಿಗೆ ಆಧಾರ 2006ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ. ಮೊದಲಿಗೆ ಐದು ಹೆಕ್ಟೇರಿಗಿಂತ ಚಿಕ್ಕದಾದ ಗಣಿಗುತ್ತಿಗೆಗಳು ಅದರ ಹೊರಗಿದ್ದವು. ಕಲ್ಲು, ಮರಳಿನಂಥ ಉಪಖನಿಜಗಳ ಚಿಕ್ಕ ಗುತ್ತಿಗೆಗಳಿಗೂ ಈ ಅನುಮತಿ ಬೇಕೆಂದು 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು.

ತಮ್ಮ ಊರಿನವರಿಗೆ ಉಪಯೋಗವಾಗುವ ವಿಷಯವೆಂದರೆ, ಈ ಇ.ಸಿ. ಗುಟ್ಟಿನ ಕಾಗದವಲ್ಲ. ಅನುಮತಿ ಪಡೆದವರು ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಬೇಕು. ಪಂಚಾಯಿತಿಯವರು ಅದನ್ನು 30 ದಿನ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು. ಅದರಲ್ಲಿ ಷರತ್ತುಗಳ ಪಟ್ಟಿಯೇ ಇರುತ್ತದೆ. ಆ ಷರತ್ತುಗಳನ್ನು ಹೇಗೆ ಪಾಲಿಸುತ್ತಿದ್ದೇವೆಂದು ಅವರು ಆರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕು. ಆದ್ದರಿಂದ ‘ಇ.ಸಿ. ಆಗಿದೆ’ ಎಂಬ ಉತ್ತರಕ್ಕೆ ‘ಹೌದೇ’ ಎಂದು ಹಿಂದಿರುಗಬೇಡಿ. ಪಂಚಾಯಿತಿ ಕಚೇರಿಗೆ ಹೋಗಿ ‘ಪರಿಸರ ಅನುಮತಿ ಪತ್ರದ ಪ್ರತಿ’ ಎಂದು ಪೂರ್ಣ ಹೆಸರಿನಲ್ಲಿ ಬರಹದ ಮೂಲಕ ಕೇಳಿ. ಎರಡಕ್ಷರದಲ್ಲಿ ಕೇಳಿದರೆ ಎರಡಕ್ಷರದಲ್ಲೇ ಉತ್ತರ ಬರುತ್ತದೆ.

ಪ್ರಶ್ನೆ: ಜೀವರಸಾಯನಶಾಸ್ತ್ರದ ಪಾಠದಲ್ಲಿ ‘ಇ.ಸಿ. 3.5.1.5’ ಎಂಬಂಥ ಸಂಖ್ಯೆಗಳು ಬರುತ್ತವೆ. ಇವುಗಳನ್ನು ಬಾಯಿಪಾಠ ಮಾಡದೆ ಅರ್ಥಮಾಡಿಕೊಳ್ಳುವುದು ಹೇಗೆ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇದು ‘ಎಂಜೈಮ್ ಕಮಿಷನ್’ ಎಂಬುದರ ಇ.ಸಿ. ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕಾಗಿಸುವ ಎಂಜೈಮುಗಳಿಗೆ, ಅಂದರೆ ಕಿಣ್ವಗಳಿಗೆ, ಒಬ್ಬೊಬ್ಬರು ಒಂದೊಂದು ಹೆಸರಿಟ್ಟು ಗೊಂದಲವಾದಾಗ ಅವುಗಳಿಗೆ ಒಂದು ಕ್ರಮ ತರಲು 1956ರಲ್ಲಿ ರಚಿಸಿದ ಅಂತರರಾಷ್ಟ್ರೀಯ ಆಯೋಗವದು. 1961ರಲ್ಲಿ ಅದರ ವರದಿ ಬಂತು. ಹೆಸರುಗಳ ಗೊಂದಲ ಬಿಡಿಸಲು ಹುಟ್ಟಿದ ಆಯೋಗದ ಹೆಸರೇ ಬೇರೆ ಇ.ಸಿ.ಗಳ ಜೊತೆ ಸೇರಿಕೊಂಡಿರುವುದು ನಿಜವಾದರೂ, ಅದು ಕೊಟ್ಟ ನಾಲ್ಕು ಅಂಕಿಗಳ ವ್ಯವಸ್ಥೆ ಬಹಳ ಸೊಗಸಾದದ್ದು. ಊರು, ಬೀದಿ, ಅಡ್ಡರಸ್ತೆ, ಮನೆ ನಂಬರ್ ಎಂದು ವಿಳಾಸ ಓದುವಂತೆ ಅದನ್ನು ಎಡದಿಂದ ಬಲಕ್ಕೆ ಓದಿ. ಮೊದಲ 3 ಎಂದರೆ ನೀರನ್ನು ಬಳಸಿ ಅಣುವನ್ನು ಒಡೆಯುವ ಕಿಣ್ವಗಳ ವರ್ಗ. ಮುಂದಿನ 5 ಎಂದರೆ ಪೆಪ್ಟೈಡ್ ಅಲ್ಲದ ಇಂಗಾಲ–ಸಾರಜನಕ ಬಂಧವನ್ನು ಒಡೆಯುವವು. ಅದರ ಮುಂದಿನ 1 ಎಂದರೆ ಆ ಬಂಧ ನೇರ ಸರಪಳಿಯ ಅಮೈಡಿನಲ್ಲಿದೆ. ಕೊನೆಯ 5 ಆ ಗುಂಪಿನಲ್ಲಿ ಅದರ ಕ್ರಮಸಂಖ್ಯೆ. ಆ ವಿಳಾಸದಲ್ಲಿರುವ ಕಿಣ್ವ ಯೂರಿಯೇಸ್.

ಇದು ತಮ್ಮ ಪುಸ್ತಕದಲ್ಲಷ್ಟೇ ಇರುವ ವಸ್ತುವಲ್ಲ. ಮೊದಲ ಪತ್ರದ ರೈತರು ಗದ್ದೆಗೆ ಎರಚುವ ಯೂರಿಯಾವನ್ನು ಅಮೋನಿಯಾ ಆಗಿ ಒಡೆಯುವುದು ಮಣ್ಣಿನ ಸೂಕ್ಷ್ಮಜೀವಿಗಳಲ್ಲಿರುವ ಇದೇ ಕಿಣ್ವ. 1926ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಸಮ್ನರ್ ಅವರು ಒಂದು ಬಗೆಯ ಅವರೆಜಾತಿಯ ಕಾಳಿನಿಂದ ಯೂರಿಯೇಸನ್ನು ಹರಳಾಗಿ ಬೇರ್ಪಡಿಸಿ ಕಿಣ್ವವೆಂದರೆ ಪ್ರೋಟೀನು ಎಂದು ತೋರಿಸಿಕೊಟ್ಟರು. ಅದಕ್ಕಾಗಿ 1946ರಲ್ಲಿ ಅವರು ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಒಂದು ಎಚ್ಚರಿಕೆ: ಹಳೆಯ ಪಠ್ಯಗಳಲ್ಲಿ ಆರು ವರ್ಗಗಳೆಂದಿರುತ್ತದೆ. 2018ರಲ್ಲಿ ಏಳನೆಯ ವರ್ಗ ಸೇರಿದೆ. ಅಯಾನು, ಅಣುಗಳನ್ನು ಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸುವ ಕಿಣ್ವಗಳ ವರ್ಗವದು. ಪರೀಕ್ಷೆಯಲ್ಲಿ ಬರೆಯುವಾಗ ನೆನಪಿರಲಿ.

ಪ್ರಶ್ನೆ: ಈ ಇಂಗ್ಲಿಷ್ ಮೊದಲಕ್ಷರಗಳನ್ನು ಕನ್ನಡದಲ್ಲಿ ಬರೆಯುವ ಸರಿಯಾದ ಕ್ರಮ ಯಾವುದು? ‘ಇಸಿ’, ‘ಈಸಿ’, ‘ಇ.ಸಿ.’ ಮೂರನ್ನೂ ಪತ್ರಿಕೆಗಳಲ್ಲಿ ಕಾಣುತ್ತೇನೆ. ಕನ್ನಡದ್ದೇ ಸಂಕ್ಷೇಪಗಳನ್ನು ಏಕೆ ಬಳಸಬಾರದು?
— ನಿವೃತ್ತ ಕನ್ನಡ ಅಧ್ಯಾಪಕರು, ಹಾಸನ

ಉತ್ತರ: ಗುರುಗಳೇ, ನಾವು ‘ಇ.ಸಿ.’ ಎಂದು ಚುಕ್ಕಿಯಿಟ್ಟು ಬರೆಯುತ್ತೇವೆ. ‘ಈಸಿ’ ಎಂದು ಬರೆದರೆ ಈಜಿದವರ ನೆನಪಾಗುತ್ತದೆ. ಚುಕ್ಕಿಯಿಲ್ಲದೆ ‘ಇಸಿ’ ಎಂದರೆ ಅದು ಒಂದು ಪೂರ್ಣ ಪದವೆಂದು ಹೊಸ ಓದುಗರು ಭಾವಿಸಬಹುದು. ವಿಭಕ್ತಿ ಹಚ್ಚುವಾಗ ಕೊನೆಯ ಅಕ್ಷರದ ಉಚ್ಚಾರಣೆಯನ್ನು ನೋಡಿ ಯಕಾರ ಬರುತ್ತದೆ: ಇ.ಸಿ.ಯಲ್ಲಿ, ಇ.ಸಿ.ಯನ್ನು. ಇದಕ್ಕಿಂತ ಮುಖ್ಯವಾಗಿ, ಯಾವ ಬರಹದಲ್ಲೇ ಆಗಲಿ ಮೊದಲ ಸಲ ಬಂದಾಗ ಪೂರ್ಣ ಹೆಸರನ್ನು ಕನ್ನಡದಲ್ಲಿ ಬರೆದು ಆಮೇಲೆ ಸಂಕ್ಷೇಪವನ್ನು ಬಳಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಚುನಾವಣೆಯ ಕಾಲದಲ್ಲಿ ‘ಇ.ಸಿ. ನೋಟಿಸ್’ ಎಂಬ ತಲೆಬರಹ ಓದಿದ ಹಳ್ಳಿಯವರು ಜಮೀನಿನ ವಿಷಯವೇನೋ ಎಂದು ಗಾಬರಿಯಾದರೆ ತಪ್ಪು ಅವರದ್ದಲ್ಲ. ‘ಚುನಾವಣಾ ಆಯೋಗ’ ಎಂದು ಬರೆಯದೆ ಜಾಗ ಉಳಿಸಿದವರದ್ದು.

ಕನ್ನಡದ ಸಂಕ್ಷೇಪಗಳ ಬಗ್ಗೆ ತಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇವೆ. ಇಂಗ್ಲಿಷಿನಲ್ಲಿ ಮೊದಲಕ್ಷರವೆಂದರೆ ಬರಿಯ ಒಂದು ಲಿಪಿಚಿಹ್ನೆ. ಕನ್ನಡದಲ್ಲಿ ಅದು ಸ್ವರ ಸಹಿತವಾದ ಪೂರ್ಣ ಅಕ್ಷರ. ‘ಕಸಾಪ’ ಎಂದೊಡನೆ ಸಾಹಿತ್ಯ ಪರಿಷತ್ತು ಕಣ್ಣಮುಂದೆ ಬರುತ್ತದೆ, ‘ಗ್ರಾ.ಪಂ., ತಾ.ಪಂ., ಜಿ.ಪಂ.’ ಎಂಬಲ್ಲಿ ‘ಗ್ರಾ’ದಲ್ಲಿ ಗ್ರಾಮವೂ ‘ತಾ’ದಲ್ಲಿ ತಾಲ್ಲೂಕೂ ಅರ್ಧಕ್ಕರ್ಧ ಕೇಳಿಸುತ್ತದೆ. ನಮ್ಮ ಕಾಗುಣಿತದಲ್ಲಿ ಜೋಡಿಗಳಿಗೆ ಬರವಿಲ್ಲವಾದ್ದರಿಂದ ಒಂದೇ ಗೂಡಿಗೆ ಹತ್ತು ಹೆಸರು ನುಗ್ಗುವ ಪ್ರಮೇಯವೂ ಕಡಿಮೆ.

ತಾವು ಹಾಸನದವರಾದ್ದರಿಂದ ಇನ್ನೊಂದು ಇ.ಸಿ.ಯನ್ನು ನೆನಪಿಸದಿರಲಾರೆವು. ಇತಿಹಾಸದ ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ಬರುವ ಇ.ಸಿ. ಎಂದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಪುಟಗಳ ಮಾಲೆ. ಬೆಂಗಳೂರಿನಲ್ಲೇ ಹುಟ್ಟಿದ ಶಾಸನತಜ್ಞ ಬಿ.ಎಲ್. ರೈಸ್ ಅವರು ಊರೂರು ತಿರುಗಿ ಸುಮಾರು 9,000 ಶಾಸನಗಳನ್ನು ಓದಿಸಿ, 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಮಾಡಿ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದರು. ಕನ್ನಡದ ವಿದ್ವಾಂಸರು ಇದನ್ನು ‘ಎ.ಕ.’ ಎಂದು ಬರೆಯುತ್ತಾರೆ. ಇಲ್ಲೂ ಮಣ್ಣಿನ ಇ.ಸಿ.ಯಂಥದೇ ಒಂದು ತೊಡಕಿದೆ: ರೈಸ್ ಅವರ 5ನೆಯ ಸಂಪುಟ ತಮ್ಮ ಹಾಸನ ಜಿಲ್ಲೆಯದಾದರೆ, ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಮಾಲೆಯ 5ನೆಯದು ಮೈಸೂರು ಜಿಲ್ಲೆಯ ತಾಲ್ಲೂಕುಗಳದು. ಯಾವ ಆವೃತ್ತಿ ಎಂದು ಹೇಳದೆ ‘ಇ.ಸಿ. 5’ ಎಂದಷ್ಟೇ ಬರೆದರೆ ಓದುಗರು ಬೇಲೂರನ್ನು ಹುಡುಕುತ್ತ ತಿರುಮಕೂಡಲಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಆ ಸಂಪುಟಗಳಲ್ಲಿ ಯಾವ ಪುಟ ತೆರೆದರೂ ಭೂದಾನದ ಶಾಸನವೊಂದು ಸಿಗುವುದು ಹೆಚ್ಚು. ಕೊಟ್ಟವರಾರು, ಪಡೆದವರಾರು, ಗದ್ದೆ ಎಷ್ಟು, ಬೆದ್ದಲು ಎಷ್ಟು, ಮೂಡಲು ಯಾವ ಕೆರೆಯ ಕೋಡಿ, ತೆಂಕಲು ಯಾವ ಹುಣಿಸೆಯ ಮರ ಎಂದು ಎಲ್ಲೆಗಳನ್ನು ಹೇಳಿ, ಆ ಭೂಮಿಯನ್ನು ‘ಸರ್ವಬಾಧಾ ಪರಿಹಾರ’ವಾಗಿ ಕೊಟ್ಟೆವೆಂದು ಬರೆಸಿರುತ್ತಾರೆ. ತೆರಿಗೆ, ಬಾಕಿ, ತಂಟೆ ಯಾವುದೂ ಅದರ ಮೇಲಿಲ್ಲ ಎಂದರ್ಥ. ಸಿಂಧನೂರಿನ ಆ ರೈತರಿಂದ ಬ್ಯಾಂಕಿನವರು ಕೇಳುತ್ತಿರುವುದೂ ಇದನ್ನೇ.